ಕಾಳಜಿಯೂ ಕಳವಳವೂ

ನಮ್ಮ ಬೆಳಗಾವಿಯ ಕಡೆಯ ಆಡುಮಾತಿನಲ್ಲಿ ‘ಕಾಳಜಿ’ ಎಂಬುದೊಂದು ಶಬ್ದವುಂಟು. ಊರಿಗೆ ಹೊರಟು ನಿಂತವರಿಗೆ ಮನೆಯ ಹಿರಿಯರು “ಪ್ರಕೃತಿ ಕಾಳಜಿ ತಗೋರಿ” ಎಂದು ಹೇಳಿ ಕಳಿಸುತ್ತಾರೆ. ಅದೇ ಹಿರಿಯರು, ಮಗನ ಪತ್ತೆ ತಿಳಿಯದೆ ಕುಳಿತ ತಾಯಿಯ ಹತ್ತಿರ ಬಂದು “ಕಾಳಜಿ ಮಾಡಬ್ಯಾಡ್ರಿ, ಬರ್ತಾನ” ಎಂದು ಸಮಾಧಾನ ಹೇಳುತ್ತಾರೆ. ಮೊದಲನೆಯ ಮಾತಿನಲ್ಲಿ ಕಾಳಜಿ ಎಂದರೆ ಜೋಪಾನ. ಎರಡನೆಯದರಲ್ಲಿ ಅದೇ ಶಬ್ದಕ್ಕೆ ಚಿಂತೆ ಎಂಬ ಅರ್ಥ. ಮರಾಠಿ ಮಾತನಾಡುವ ನಮ್ಮ ನೆರೆಯವರಲ್ಲಿಯೂ ಈ ಶಬ್ದ ಹೀಗೆಯೇ ಎರಡು ಅರ್ಥಗಳನ್ನು ಹೊತ್ತುಕೊಂಡು ನಡೆಯುತ್ತದೆ. ಒಂದನ್ನು ತೆಗೆದುಕೊಳ್ಳಿರಿ ಎನ್ನುತ್ತೇವೆ, ಇನ್ನೊಂದನ್ನು ಮಾಡಬೇಡಿರಿ ಎನ್ನುತ್ತೇವೆ. ಶಬ್ದ ಮಾತ್ರ ಒಂದೇ. ಭಾಷೆಯನ್ನು ಕಟ್ಟಿದ ಜನ ಮನಸ್ಸಿನ ಒಂದು ದೊಡ್ಡ ಸತ್ಯವನ್ನು ಈ ಮೂರಕ್ಷರದಲ್ಲಿ ಅಡಗಿಸಿಟ್ಟಿದ್ದಾರೆಂದು ನನಗೆ ತೋರುತ್ತದೆ. ಪ್ರೀತಿಯಿಲ್ಲದ ಕಡೆ ಚಿಂತೆ ಹುಟ್ಟುವುದಿಲ್ಲ. ಮಕ್ಕಳ ಮೇಲೆ, ಮನೆಯ ಮೇಲೆ, ಮಾಡುವ ಕೆಲಸದ ಮೇಲೆ ಇರುವ ಅಕ್ಕರೆಯೇ ಹದ ಮೀರಿ ಕಾದಾಗ ಕಳವಳವಾಗುತ್ತದೆ.

ಈ ಕಳವಳಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಅಂಜಿಕೆ, ದಿಗಿಲು, ಗಾಬರಿ, ತಳಮಳ, ಕಸಿವಿಸಿ, ಆತಂಕ, ಉದ್ವೇಗ ಎಂದು ಹತ್ತಾರು ಉಂಟು. ಎದುರಿಗೆ ಹಾವು ಕಂಡಾಗ ಆಗುವುದು ಅಂಜಿಕೆ. ಹಾವು ಎಲ್ಲಿಯೂ ಕಾಣದಿದ್ದರೂ ಎಲ್ಲಿಂದಲೋ ಬಂದೀತೆಂದು ಹಗಲಿರುಳು ಕಾಯುವುದು ಆತಂಕ. ಒಂದಕ್ಕೆ ಕಾರಣ ಕಣ್ಣ ಮುಂದಿದೆ, ಅದು ಸರಿದ ಕೂಡಲೆ ಅಂಜಿಕೆಯೂ ಸರಿಯುತ್ತದೆ. ಇನ್ನೊಂದರ ಕಾರಣ ನಾಳೆಯಲ್ಲಿದೆ. ನಾಳೆ ಎಂಬುದು ಎಂದೂ ಮುಗಿಯುವಂಥದಲ್ಲ. ಆದುದರಿಂದಲೇ ಅಂಜಿಕೆಗಿಂತ ಆತಂಕವು ಮನುಷ್ಯನನ್ನು ಹೆಚ್ಚು ದಣಿಸುತ್ತದೆ.

ದಣಿಸುವುದಕ್ಕೆ ದೊಡ್ಡ ವಿಪತ್ತೇ ಬರಬೇಕೆಂದಿಲ್ಲ. ಟಿಳಕವಾಡಿಯ ಒಂದು ಸಾಧಾರಣ ಮನೆಯ ಮುಂಜಾವನ್ನು ನೆನೆದುಕೊಳ್ಳಿರಿ. ಒಲೆಯ ಮೇಲೆ ಚಹಾ ಉಕ್ಕುತ್ತಿದೆ, ನಳಕ್ಕೆ ನೀರು ಬರುವ ವೇಳೆ ಇನ್ನೇನು ಮುಗಿಯಲಿದೆ; ಅತ್ತೆಯವರ ರಕ್ತದೊತ್ತಡದ ಗುಳಿಗೆ ತೀರಿದೆ; ಮಗಳ ಶಾಲೆಯ ಶುಲ್ಕಕ್ಕೆ ಇಂದೇ ಕಡೆಯ ದಿನ; ಮನೆಯ ಯಜಮಾನರು ರೈಲ್ವೆ ಗೇಟು ಬೀಳುವುದರೊಳಗೆ ಆಚೆ ದಾಟದಿದ್ದರೆ ಕಚೇರಿಗೆ ತಡ. ಇನ್ನು ಖಾನಾಪುರದಿಂದ ದಿನಾಲು ಇಪ್ಪತ್ತೈದು ಕಿಲೋಮೀಟರು ಬಂದು ಹೋಗುವ ನೌಕರನ ಪಾಡು ಬೇರೆ. ಗಾಡಿ ಹತ್ತು ನಿಮಿಷ ತಡವಾದರೆ ಅವನ ಇಡಿಯ ದಿನವೇ ಹತ್ತು ನಿಮಿಷ ಹಿಂದೆ ಬೀಳುತ್ತದೆ. ವಡಗಾವಿಯ ಮಗ್ಗದ ಮನೆಯಲ್ಲಿ ನೂಲಿನ ಬೆಲೆಯ ಚಿಂತೆ, ಖಾನಾಪುರದ ಹೊಲಗಳಲ್ಲಿ ಮಳೆಯ ಚಿಂತೆ. ಇವುಗಳಲ್ಲಿ ಯಾವ ಒಂದನ್ನು ಬೇರೆ ಮಾಡಿ ನೋಡಿದರೂ ಅದು ಹೊರಲಾರದ ಹೊರೆಯಲ್ಲ. ಆದರೆ ಹನಿಗೂಡಿದರೆ ಹಳ್ಳ. ಎಲ್ಲವೂ ಒಮ್ಮೆಲೆ ಮೈಮೇಲೆ ಬಂದಾಗ ಗಟ್ಟಿ ಮನಸ್ಸಿನವರು ಸಹ “ಏನೂ ತೋಚವಲ್ದು” ಎಂದು ಕೈಚೆಲ್ಲಿ ಕುಳಿತುಬಿಡುತ್ತಾರೆ.

ಹೀಗೆ ಕುಳಿತವರ ಮೈಯಲ್ಲಿ ಆಗ ಏನು ನಡೆಯುತ್ತದೆ? ಇದನ್ನು ತಿಳಿದುಕೊಂಡರೆ ಅರ್ಧ ಭಯ ಕಳೆಯುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರಿದ್ದರು. ಬೆಕ್ಕುಗಳ ಜಠರದ ಚಲನೆಯನ್ನು ಕ್ಷಕಿರಣದಲ್ಲಿ ನೋಡುತ್ತಿದ್ದಾಗ ಅವರಿಗೊಂದು ಸಂಗತಿ ಕಂಡುಬಂತು. ಬೆಕ್ಕು ಕೆರಳಿದೊಡನೆ ಅಥವಾ ಬೆದರಿದೊಡನೆ ಜಠರದ ಚಲನೆ ನಿಂತುಬಿಡುತ್ತಿತ್ತು. ಈ ಜಾಡನ್ನೇ ಹಿಡಿದು ಅವರು ನಡೆಸಿದ ಸಂಶೋಧನೆ 1915ರಲ್ಲಿ ಪುಸ್ತಕವಾಗಿ ಹೊರಬಂತು. ಅಪಾಯ ಎದುರಾದಾಗ ಪ್ರಾಣಿಯ ದೇಹ ‘ಕಾದು, ಇಲ್ಲವೆ ಓಡು’ ಎಂಬ ಒಂದೇ ಆಜ್ಞೆಗೆ ಸಜ್ಜಾಗುತ್ತದೆಂದು ಅವರು ವಿವರಿಸಿದರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತ ಎರಡು ಚಿಕ್ಕ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತವು ಹೊಟ್ಟೆಯ ಕಡೆಯಿಂದ ಕೈಕಾಲುಗಳ ಸ್ನಾಯುಗಳಿಗೆ ಹರಿಯುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ.

ಖಾನಾಪುರದ ಕಾಡಂಚಿನ ಹಾದಿಯಲ್ಲಿ ಕರಡಿ ಎದುರಾದವನಿಗೆ ಇದೆಲ್ಲವೂ ಪ್ರಾಣ ಉಳಿಸುವ ವರವೇ ಸರಿ. ಕಷ್ಟವೆಲ್ಲಿದೆ ಎಂದರೆ, ನಮ್ಮ ದೇಹಕ್ಕೆ ಕರಡಿಗೂ ಬ್ಯಾಂಕಿನ ನೋಟೀಸಿಗೂ ಅಂತರ ತಿಳಿಯುವುದಿಲ್ಲ. ಕಾಗದ ಓದುತ್ತ ಖುರ್ಚಿಯಲ್ಲಿ ಕುಳಿತವನ ಮೈಯಲ್ಲಿಯೂ ಅದೇ ರಸ, ಅದೇ ಬಡಿತ. ಓಡಲು ಸಜ್ಜಾದ ದೇಹ ಓಡದೆ ಕುಳಿತಲ್ಲಿಯೇ ಕುದಿಯುತ್ತದೆ. ಮಾಂಟ್ರಿಯಲ್ಲಿನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಇದರ ಮುಂದಿನ ಕಥೆಯನ್ನು ಹೇಳಿದರು. ಯಾವುದೇ ಬಗೆಯ ಪೀಡೆಯಾಗಲಿ, ಬಹುಕಾಲ ಎಡೆಬಿಡದೆ ಇದ್ದರೆ ದೇಹ ಮೊದಲು ಎಚ್ಚರಗೊಳ್ಳುತ್ತದೆ, ಬಳಿಕ ಒಗ್ಗಿಕೊಂಡು ತಡೆದುಕೊಳ್ಳುತ್ತದೆ, ಕೊನೆಗೆ ಸೋಲುತ್ತದೆ. ಇಂದು ‘ಸ್ಟ್ರೆಸ್’ ಎಂದು ಮನೆಮನೆಯಲ್ಲಿ ಬಳಕೆಯಾಗುವ ಶಬ್ದವನ್ನು ವೈದ್ಯಶಾಸ್ತ್ರದಲ್ಲಿ ರೂಢಿಗೆ ತಂದವರು ಇವರೇ. ಆದುದರಿಂದ ಎದೆ ಹೊಡೆದುಕೊಳ್ಳುವುದು, ಹೊಟ್ಟೆ ಕಲಕಿದಂತಾಗುವುದು, ಕುತ್ತಿಗೆ ಬಿಗಿಯುವುದು, ನಡುರಾತ್ರಿ ಎಚ್ಚರವಾಗುವುದು ಇವು ನಿಮ್ಮ ಹೇಡಿತನದ ಗುರುತುಗಳಲ್ಲ. ಕಾವಲುಗಾರನು ಕಳ್ಳನಿಲ್ಲದ ರಾತ್ರಿಯಲ್ಲಿಯೂ ಸೀಟಿ ಊದುತ್ತಿದ್ದಾನೆ, ಅಷ್ಟೆ.

ಹಾಗೆಂದು ಕಾವಲುಗಾರನನ್ನೇ ಮನೆಯಿಂದ ಹೊರಹಾಕುವುದೂ ಸಲ್ಲದು. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿದ್ವಾಂಸರು 1908ರಲ್ಲಿ ಇಲಿಗಳಿಗೆ ಒಂದು ಕಠಿಣ ಪಾಠ ಕಲಿಸಲು ಹೋಗಿ, ತಪ್ಪಿದಾಗ ಕೊಡುವ ಪೆಟ್ಟು ತೀರ ಹಗುರವಾದರೂ ತೀರ ಬಿರುಸಾದರೂ ಕಲಿಕೆ ಕುಂಟುತ್ತದೆಂದು ಕಂಡರು. ನಡುಮಟ್ಟದ ಪೆಟ್ಟೇ ಹೆಚ್ಚು ಫಲ ಕೊಟ್ಟಿತು. ವೀಣೆಯ ತಂತಿ ಸಡಿಲಾದರೆ ನಾದವಿಲ್ಲ, ಬಿಗಿ ಹೆಚ್ಚಾದರೆ ತಂತಿಯೇ ಇಲ್ಲ. ಪರೀಕ್ಷೆಯ ಹಿಂದಿನ ದಿನ ಒಂದಿಷ್ಟು ಅಳುಕು ಇಲ್ಲದ ವಿದ್ಯಾರ್ಥಿ ಪುಸ್ತಕವನ್ನೇ ತೆರೆಯುವುದಿಲ್ಲ. ಆದರೆ ಅಳುಕು ಅತಿಯಾದವನು ತೆರೆದ ಪುಸ್ತಕದಲ್ಲಿಯೂ ಏನನ್ನೂ ಕಾಣಲಾರ. ನಮಗೆ ಬೇಕಾದದ್ದು ಚಿಂತೆಯ ನಾಶವಲ್ಲ, ಅದರ ಹದ.

ಹದಕ್ಕೆ ತರುವ ಮೊದಲ ಉಪಾಯ ತೀರ ಸರಳವಾದುದು. ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಮನಸ್ಸಿನಲ್ಲಿ ಸುತ್ತುತ್ತಿರುವ ಎಲ್ಲವನ್ನೂ ಅದರ ಮೇಲೆ ಬರೆಯಿರಿ. ವಡಗಾವಿಯ ನೇಕಾರರು ಸಿಕ್ಕುಗಟ್ಟಿದ ನೂಲನ್ನು ಜಗ್ಗುವುದಿಲ್ಲ. ಜಗ್ಗಿದಷ್ಟೂ ಗಂಟು ಬಿಗಿಯುತ್ತದೆಂದು ಅವರು ಬಲ್ಲರು. ಎಳೆಯ ತುದಿ ಎಲ್ಲಿದೆ ಎಂದು ಮೊದಲು ಹುಡುಕುತ್ತಾರೆ. ಬರೆಯುವುದೆಂದರೆ ತುದಿ ಹುಡುಕುವುದು. ಹಾಳೆಯನ್ನು ಮೂರು ಪಾಲು ಮಾಡಿರಿ. ಮೊದಲನೆಯದರಲ್ಲಿ ಇಂದೇ ಮಾಡತಕ್ಕವು. ಎರಡನೆಯದರಲ್ಲಿ ಮುಂದೆ ಮಾಡಬಹುದಾದವು, ಅವುಗಳ ಮುಂದೆ ದಿನ ಮತ್ತು ವೇಳೆ. ಮೂರನೆಯದರಲ್ಲಿ ನಿಮ್ಮ ಕೈಯಲ್ಲಿಲ್ಲದವು. ಅತ್ತೆಯವರ ಗುಳಿಗೆ ಮೊದಲನೆಯ ಪಾಲಿಗೆ ಸೇರುತ್ತದೆ. ಮಾಳಿಗೆ ಸೋರುವುದರ ದುರಸ್ತಿ ಎರಡನೆಯದಕ್ಕೆ, ‘ರವಿವಾರ ಮುಂಜಾನೆ ಗೌಂಡಿಯನ್ನು ಕಾಣುವುದು’ ಎಂದು. ಮಳೆ ಯಾವಾಗ ಬಂದೀತೆಂಬುದು ಮೂರನೆಯದಕ್ಕೆ. ತಲೆಯೊಳಗೆ ನೂರು ಎಂದು ತೋರಿದ ಕೆಲಸಗಳು ಹಾಳೆಯ ಮೇಲೆ ಹನ್ನೆರಡಾಗಿ ಇಳಿಯುವುದನ್ನು ನೀವೇ ಕಾಣುವಿರಿ; ಅವುಗಳಲ್ಲಿ ಇಂದಿನವು ನಾಲ್ಕು ಮಾತ್ರ ಇರಬಹುದು.

ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಬರ್ಲಿನ್ನಿನಲ್ಲಿ ಅಭ್ಯಾಸ ಮಾಡುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಎಂಬ ಮಹಿಳೆ 1927ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮುಗಿಸಿದ ಕೆಲಸಗಳಿಗಿಂತ ನಡುವೆ ನಿಂತ ಕೆಲಸಗಳೇ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿಯುತ್ತವೆ ಎಂಬುದು ಅವರು ಕಂಡ ಫಲ. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಇದೇ ಫಲ ಬಂದಿಲ್ಲ. ಆದರೆ 2011ರಲ್ಲಿ ಮಾಸಿಕ್ಯಾಂಪೊ ಮತ್ತು ಬಾಮೈಸ್ಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಮಗೆ ಇನ್ನೂ ಉಪಯುಕ್ತವಾದ ಮಾತೊಂದನ್ನು ತೋರಿಸಿದರು. ಮುಗಿಯದ ಕೆಲಸ ಮನಸ್ಸನ್ನು ಕಾಡುವುದು ನಿಜ. ಆದರೆ ಕೆಲಸವನ್ನು ಮುಗಿಸದಿದ್ದರೂ, ಯಾವಾಗ, ಎಲ್ಲಿ, ಹೇಗೆ ಮಾಡುವೆನೆಂದು ಖಚಿತವಾಗಿ ಗೊತ್ತು ಮಾಡಿಕೊಂಡರೆ ಆ ಕಾಟ ಇಳಿಯುತ್ತದೆ. ಗೌಂಡಿಯ ಮುಂದೆ ರವಿವಾರವೆಂದು ಬರೆದುದರ ಗುಟ್ಟು ಇದೇ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆ ಮಳೆಗಾಲದಲ್ಲಿ ತುಂಬಿ ಬಂದಾಗ, ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರನ್ನು ಹಿಡಿದಿಟ್ಟು, ಬೇಕಾದಷ್ಟನ್ನೇ ಬಾಗಿಲಿನ ಮೂಲಕ ಬಿಡುತ್ತಾರೆ. ಬಾಗಿಲುಗಳಿಲ್ಲದ ಅಣೆಕಟ್ಟಿಲ್ಲ. ದಿನ, ವೇಳೆಗಳೇ ನಮ್ಮ ಕೆಲಸಗಳಿಗೆ ಇಡುವ ಬಾಗಿಲುಗಳು.

ಎರಡನೆಯ ಉಪಾಯ ಉಸಿರಿನದು. ಎದೆ ಬಡಿತವನ್ನು ನಿಲ್ಲು ಎಂದರೆ ಅದು ಕೇಳುವುದಿಲ್ಲ. ಹೊಟ್ಟೆಯನ್ನು ಸುಮ್ಮನಿರು ಎಂದರೆ ಅದೂ ಕೇಳುವುದಿಲ್ಲ. ಆದರೆ ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ನಾವು ನಡೆಸಿದಂತೆಯೂ ನಡೆಯುತ್ತದೆ. ಒಳಗಿನ ಯಂತ್ರಕ್ಕೆ ನಮ್ಮ ಕೈಗೆ ಸಿಗುವ ಹಿಡಿಕೆ ಅದೊಂದೇ. ಉಸಿರು ಬಿಡುವಾಗ ವೇಗಸ್ ಎಂಬ ಉದ್ದನೆಯ ನರದ ಪ್ರಭಾವದಿಂದ ಎದೆಯ ಬಡಿತ ತುಸು ನಿಧಾನವಾಗುತ್ತದೆ. ಆದ್ದರಿಂದ ಒಳಗೆಳೆಯುವುದಕ್ಕಿಂತ ಹೊರಬಿಡುವುದು ನಿಧಾನವಾಗಿರಲಿ. ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಿರಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆಯಿರಿ, ಕೈ ಮೇಲೇಳಬೇಕು. ಆರು ಎಣಿಸುವಷ್ಟು ಹೊತ್ತು ಮೆಲ್ಲನೆ ಬಿಡಿರಿ. ಹೀಗೆ ಐದು ನಿಮಿಷ. ಉಸಿರನ್ನು ಬಲವಂತವಾಗಿ ಹಿಡಿಯಬೇಡಿರಿ. ತಲೆ ತಿರುಗಿದಂತಾದರೆ ನಿಲ್ಲಿಸಿರಿ. ಉಬ್ಬಸವಿದ್ದವರು, ಹೃದಯದ ತೊಂದರೆಯಿದ್ದವರು ತಮ್ಮ ವೈದ್ಯರನ್ನು ಕೇಳಿ ಮಾಡುವುದು ಒಳಿತು. ಇದನ್ನು ಗಾಬರಿಯ ವೇಳೆಗೆಂದು ಕಾದಿರಿಸದೆ ದಿನಾಲು ಸಂಜೆ ಅಭ್ಯಾಸ ಮಾಡಬೇಕು. ಈಜು ಕಲಿಯುವುದು ಮಹಾಪೂರ ಬಂದ ದಿನ ಅಲ್ಲ.

ಇದರ ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಕ್ರಮವೊಂದನ್ನು ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು 1929ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದರು. ಮುಷ್ಟಿಯನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಒಮ್ಮೆಲೆ ಸಡಿಲ ಬಿಡುವುದು. ಬಳಿಕ ತೋಳು, ಹೆಗಲು, ಮುಖ, ಹೊಟ್ಟೆ, ಕಾಲು ಹೀಗೆ ಒಂದೊಂದಾಗಿ. ಬಿಗಿಗೂ ಸಡಿಲಿಗೂ ಇರುವ ಅಂತರವನ್ನು ಮೈಯೇ ಕಲಿತುಕೊಳ್ಳುತ್ತದೆ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯುವುದೂ ಒಂದು ಮದ್ದೇ. ಓಡಲೆಂದು ಸಜ್ಜಾದ ದೇಹಕ್ಕೆ ನಡೆಯುವ ಅವಕಾಶವನ್ನಾದರೂ ಕೊಟ್ಟಂತಾಯಿತು. ಕೋಟೆಯ ಕೆರೆಯ ದಂಡೆ ಹತ್ತಿರವಿದ್ದವರಿಗೆ ಅದು, ಖಾನಾಪುರದವರಿಗೆ ಹೊಳೆಯ ದಂಡೆ. ಸಂಜೆಯ ನಂತರದ ಚಹಾ ಕಾಫಿಗಳನ್ನು ಕಡಿಮೆ ಮಾಡಿದರೂ ಎದೆ ಬಡಿತದ ಕಾಟ ಕೆಲವರಲ್ಲಿ ತುಂಬ ಇಳಿಯುತ್ತದೆ.

ಮೂರನೆಯ ಉಪಾಯ ಕೇಳುವುದಕ್ಕೆ ವಿಚಿತ್ರವೆನಿಸೀತು. ಚಿಂತೆಗೂ ದಿನದಲ್ಲಿ ಒಂದು ವೇಳೆಯನ್ನು ಗೊತ್ತು ಮಾಡುವುದು. ಅಮೆರಿಕದ ಬೋರ್ಕೋವೆಕ್ ಮತ್ತು ಅವರ ಸಂಗಡಿಗರು 1983ರಲ್ಲಿ ಈ ಕ್ರಮವನ್ನು ಪರೀಕ್ಷಿಸಿದರು. ದಿನಾಲು ಒಂದೇ ವೇಳೆಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕುಳಿತು ಚಿಂತೆ ಮಾಡಬೇಕು. ಬೇರೆ ವೇಳೆಯಲ್ಲಿ ಚಿಂತೆ ಬಂದರೆ “ನಿನ್ನ ಪಾಳಿ ಸಂಜೆ ಆರಕ್ಕೆ” ಎಂದು ಮುಂದೂಡಿ ಕೈಯಲ್ಲಿರುವ ಕೆಲಸಕ್ಕೆ ಮರಳಬೇಕು. ಹೀಗೆ ಮಾಡಿದವರಲ್ಲಿ ದಿನದ ಒಟ್ಟು ಚಿಂತೆ ಇಳಿಯಿತು. ಚಿಂತೆಯನ್ನು ಬರಬೇಡವೆಂದರೆ ಅದು ಬಾಗಿಲು ಬಡಿಯುತ್ತಲೇ ಇರುತ್ತದೆ. ಆಮೇಲೆ ಬಾ ಎಂದರೆ ಬಹಳ ಸಲ ಹೋಗುತ್ತದೆ, ಸಂಜೆಗೆ ಬಂದಾಗ ಸಣ್ಣದಾಗಿರುತ್ತದೆ. ಈ ಜಾಗ ಹಾಸಿಗೆಯಾಗಿರಬಾರದು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಕುಳಿತು, ಮಂದ ಬೆಳಕಿನಲ್ಲಿ ಏನಾದರೂ ಹಗುರವಾದುದನ್ನು ಓದಿ, ಕಣ್ಣು ಭಾರವಾದಾಗ ಮರಳಿ ಮಲಗಬೇಕು.

ವಾರ್ತೆಗಳಿಗೂ ಇದೇ ನ್ಯಾಯ. ಆಕಾಶವಾಣಿಯ ವಾರ್ತಾಪ್ರಸಾರ ಗೊತ್ತಾದ ವೇಳೆಗೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಬಳಿಕ ಗಾಯನವೋ ಕೃಷಿರಂಗವೋ ಬರುತ್ತದೆ. ಕೇಳುವವನಿಗೆ ಲೋಕದ ಸಂಕಟ ಮುಟ್ಟಿತು, ಮನೆಯ ಕೆಲಸವೂ ಉಳಿಯಿತು. ಅಂಗೈಯಲ್ಲಿನ ಮೊಬೈಲಿಗೆ ಈ ಮುಗಿತಾಯವೆಂಬುದಿಲ್ಲ. ಬೆರಳು ಎಳೆದಷ್ಟೂ ಹೊಸ ಅವಘಡ, ಹೊಸ ಜಗಳ. 2020ರಲ್ಲಿ ಕೊರೋನಾ ವ್ಯಾಧಿ ಬಂದಾಗ ಮನೆಯಲ್ಲಿ ಕುಳಿತ ಜನರು ಹಗಲಿರುಳು ಸಾವುಗಳ ಲೆಕ್ಕ ನೋಡುತ್ತ ಕಂಗೆಟ್ಟುದನ್ನು ನಾವೆಲ್ಲ ಕಂಡಿದ್ದೇವೆ. ದಿನಕ್ಕೆ ಎರಡು ಸಲ ವಾರ್ತೆ ಕೇಳುವುದು ನಾಗರಿಕನ ಕರ್ತವ್ಯ. ನೂರು ಸಲ ನೋಡುವುದು ಆ ಕರ್ತವ್ಯದ ಯಾವ ಭಾಗವೂ ಅಲ್ಲ.

ನಾಲ್ಕನೆಯ ಮಾತು ಎಲ್ಲಕ್ಕಿಂತ ಕಠಿಣವಾದುದು. ಅಂಜುವುದರಿಂದ ತಪ್ಪಿಸಿಕೊಂಡಷ್ಟೂ ಅಂಜಿಕೆ ಬೆಳೆಯುತ್ತದೆ. ಹಳ್ಳಿಯಿಂದ ಮೊದಲ ಸಲ ಪಟ್ಟಣದ ಹೈಸ್ಕೂಲಿಗೆ ಬಂದ ಹುಡುಗನೋ ಹುಡುಗಿಯೋ ತರಗತಿಯಲ್ಲಿ ಎದ್ದು ನಿಂತು ಪದ್ಯ ಓದಲು ನಡುಗುವುದನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ; ಒಂದು ಉಚ್ಚಾರ ತಪ್ಪಿದರೆ ನಕ್ಕಾರೆಂಬ ಭಯ. “ಇವತ್ತು ಬ್ಯಾಡ ಸರ್” ಎಂದಾಗ ಬಿಟ್ಟುಬಿಟ್ಟರೆ ಆ ಕ್ಷಣಕ್ಕೆ ಮಗುವಿಗೆ ಹಾಯೆನಿಸುತ್ತದೆ. ಆದರೆ ನಾಳೆಗೆ ಭಯ ಇಮ್ಮಡಿಯಾಗುತ್ತದೆ. ಗದರಿಸಿ ನಿಲ್ಲಿಸಿದರೆ ಮರುದಿನ ಶಾಲೆಯೇ ತಪ್ಪುತ್ತದೆ. ಆದುದರಿಂದ ಮೊದಲ ವಾರ ಪಕ್ಕದಲ್ಲಿ ಕುಳಿತ ಗೆಳತಿಗೆ ಮಾತ್ರ ಕೇಳುವಂತೆ ಎರಡು ಸಾಲು ಓದಿಸುವುದು, ಎರಡನೆಯ ವಾರ ಒಂದು ಬೆಂಚಿಗೆ, ಮೂರನೆಯದರಲ್ಲಿ ಕುಳಿತಲ್ಲಿಂದಲೇ ಇಡಿಯ ತರಗತಿಗೆ, ಕೊನೆಗೆ ಎದ್ದು ನಿಂತು. ತಿಂಗಳು ಕಳೆಯುವುದರೊಳಗೆ ಧ್ವನಿ ಏರುತ್ತದೆ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದನ್ನು ನೀವು ಬಲ್ಲಿರಿ. ಕುಂಬಾರಿಕೆ ಕಲಿಯುವವರಿಗೆ ಮೊದಲು ತಿಳಿಯುವ ಮಾತೆಂದರೆ, ಹಸಿ ಮಡಕೆಯನ್ನು ಒಮ್ಮೆಲೆ ಬಿಸಿಲಿಗೂ ಬೆಂಕಿಗೂ ಒಡ್ಡಿದರೆ ಬಿರಿಯುತ್ತದೆ. ನೆರಳಿನಲ್ಲಿ ಮೆಲ್ಲನೆ ಆರಿಸಿ ಬಳಿಕ ಸುಡಬೇಕು. ಆದರೆ ಸುಡದೆಯೇ ಇಟ್ಟರೆ ಅದು ನೀರು ಹಿಡಿಯುವ ಮಡಕೆಯಾಗುವುದೇ ಇಲ್ಲ. ಬ್ಯಾಂಕಿಗೆ ಹೋಗಲು ಅಂಜುವವರು, ಬಸ್ಸು ಹತ್ತಲು ಅಂಜುವವರು, ಮೇಲಧಿಕಾರಿಯೊಡನೆ ಮಾತಾಡಲು ಅಂಜುವವರು ಎಲ್ಲರಿಗೂ ಈ ಕ್ರಮ ಸಲ್ಲುತ್ತದೆ.

ಇನ್ನು ಮನೆಯವರ ಪಾಲು. ನೊಂದವರಿಗೆ “ಕಾಳಜಿ ಮಾಡಬ್ಯಾಡ್ರಿ” ಎಂದು ಹೇಳುವುದು ಒಳ್ಳೆಯ ಮನಸ್ಸಿನಿಂದಲೇ; ಆದರೆ ಅದೊಂದರಿಂದಲೇ ಕಾಳಜಿ ನಿಲ್ಲುವುದಿಲ್ಲ. “ಏನು ಆದೀತಂತ ನಿನಗ ಅನಸ್ತದ?” ಎಂದು ಕೇಳಿ, ನಡುವೆ ಬಾಯಿ ಹಾಕದೆ ಹತ್ತು ನಿಮಿಷ ಕೇಳಿಸಿಕೊಂಡರೆ ಹೆಚ್ಚಿನ ಉಪಕಾರವಾಗುತ್ತದೆ. ಹೇಳಿಕೊಂಡ ಚಿಂತೆಗೆ ಒಂದು ಆಕಾರ ಬರುತ್ತದೆ. ಆಕಾರ ಬಂದುದರೊಡನೆ ವ್ಯವಹರಿಸಬಹುದು. ನಮ್ಮ ಕಡೆಯ ಗಂಡಸರು ಎದೆಯೊಳಗಿನ ಅಂಜಿಕೆಯನ್ನು ಹೇಳಿಕೊಳ್ಳುವುದಿಲ್ಲ, ಸಿಟ್ಟಾಗಿ ಹೊರಹಾಕುತ್ತಾರೆ. ಸೊಸೆಯಾಗಿ ಬಂದ ಹೆಣ್ಣುಮಗಳು ಹೇಳಿಕೊಳ್ಳುವುದಿಲ್ಲ, ತಲೆನೋವಾಗಿ ಅನುಭವಿಸುತ್ತಾಳೆ. ಮಗು ಹೇಳಿಕೊಳ್ಳುವುದಿಲ್ಲ, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವೆನ್ನುತ್ತದೆ. ಸಿಟ್ಟು, ತಲೆನೋವು, ಹೊಟ್ಟೆನೋವುಗಳ ಹಿಂದೆ ಏನಿದೆ ಎಂದು ಮನೆಯಲ್ಲಿ ಒಬ್ಬರಾದರೂ ನೋಡಬೇಕು.

ಪರೀಕ್ಷೆಯ ಕಾಲದಲ್ಲಿ ಈ ನೋಟ ಅತ್ಯಗತ್ಯ. ಹತ್ತನೆಯ ತರಗತಿಯ ಮಗುವಿಗೆ ಅದೊಂದು ಪರೀಕ್ಷೆಯೇ ಬಾಳಿನ ಕೊನೆಯ ಬಾಗಿಲೆಂದು ತೋರುತ್ತದೆ. ಅದು ಕೊನೆಯ ಬಾಗಿಲಲ್ಲ. ನಮ್ಮ ರಾಜ್ಯದಲ್ಲಿ 2023–24ನೆಯ ಶೈಕ್ಷಣಿಕ ವರ್ಷದಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ಮೊದಲನೆಯದರಲ್ಲಿ ಎಡವಿದವರಿಗೆ ಅದೇ ವರ್ಷ ಮತ್ತೆ ಅವಕಾಶ ದೊರೆಯುವುದೇ ಇದರ ಉದ್ದೇಶ. ಈ ಮಾತನ್ನು ಫಲಿತಾಂಶದ ದಿನ ಹೇಳಿದರೆ ಸಾಲದು; ಪರೀಕ್ಷೆಗೆ ಮುಂಚೆಯೇ ತಾಯಿತಂದೆಗಳು ಬಾಯಿಬಿಟ್ಟು ಹೇಳಬೇಕು. “ಅಂಕ ಏನೇ ಬರಲಿ, ಮನೆಗೆ ಬಾ” ಎಂಬ ನಾಲ್ಕು ಮಾತು ಕೆಲವು ಮಕ್ಕಳ ಪ್ರಾಣವನ್ನೇ ಉಳಿಸಬಲ್ಲವು. ನೆರೆಮನೆಯ ಮಗುವಿನ ಅಂಕವನ್ನು ಊಟದ ವೇಳೆ ಎತ್ತುವುದನ್ನಂತೂ ದಯವಿಟ್ಟು ಬಿಟ್ಟುಬಿಡಿರಿ.

ಎಲ್ಲ ಚಿಂತೆಯೂ ಕಲ್ಪನೆಯದಲ್ಲವೆಂಬುದನ್ನೂ ಒಪ್ಪಬೇಕು. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ಹೊಳೆಗಳೆಲ್ಲ ಉಕ್ಕಿ, ಮಲಪ್ರಭೆಯ ದಂಡೆಯ ಊರುಗಳಲ್ಲಿ ಮನೆಗಳು ಬಿದ್ದವು, ಬೆಳೆಗಳು ಕೊಳೆತವು. ಅಂಥದನ್ನು ಕಂಡವರಿಗೆ ಮರುವರ್ಷ ಮಳೆಯ ಸದ್ದು ಕೇಳಿದೊಡನೆ ಎದೆ ಹೊಡೆದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಸಾಲವಿದ್ದವನಿಗೆ ಉಸಿರಾಟದ ಅಭ್ಯಾಸದಿಂದ ಸಾಲ ತೀರುವುದಿಲ್ಲ. ಆದರೆ ನಡುಗುವ ಕೈಯಿಂದ ಸಾಲದ ಲೆಕ್ಕವನ್ನೂ ಬರೆಯಲಾಗದು. ಮನಸ್ಸು ತುಸು ತಿಳಿಯಾದಾಗಲೇ ಅರ್ಜಿ ಯಾರಿಗೆ ಕೊಡಬೇಕು, ಅವಧಿ ಕೇಳಬಹುದೆ, ಯಾರ ನೆರವು ಸಿಕ್ಕೀತು ಎಂಬ ದಾರಿಗಳು ಕಾಣುತ್ತವೆ. ನಾನು ಹೇಳುವ ಉಪಾಯಗಳಿಂದ ಕಷ್ಟ ಮಾಯವಾಗುವುದಿಲ್ಲ. ಕಷ್ಟದ ಎದುರಿಗೆ ನಿಲ್ಲುವ ಕಾಲು ಗಟ್ಟಿಯಾಗುತ್ತದೆ.

ವೈದ್ಯರನ್ನು ಕಾಣುವುದು ಯಾವಾಗ? ಎದೆನೋವು, ಉಸಿರು ಕಟ್ಟುವುದು, ವಿಪರೀತ ಬಡಿತ ಹೊಸದಾಗಿ ಕಂಡರೆ ‘ಇದು ಬರೀ ಚಿಂತೆ’ ಎಂದು ನೀವೇ ತೀರ್ಮಾನಿಸದೆ ತಡಮಾಡದೆ ತೋರಿಸಿರಿ. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ ಮೊದಲಾದವೂ ಕಳವಳದ ವೇಷದಲ್ಲಿ ಬರುವುದುಂಟು. ಮೈಯಲ್ಲಿ ದೋಷವಿಲ್ಲವೆಂದು ತಿಳಿದ ಮೇಲೂ ವಾರಗಟ್ಟಲೆ ನಿದ್ದೆ ಕೆಟ್ಟರೆ, ಮಾಡುವ ಕೆಲಸ ನಿಂತರೆ, ತಿಂಗಳುಗಟ್ಟಲೆ ಹೆಚ್ಚಿನ ದಿನಗಳು ಚಿಂತೆಯಲ್ಲಿಯೇ ಕಳೆದರೆ, ಇದ್ದಕ್ಕಿದ್ದಂತೆ ಸತ್ತೇಹೋಗುವೆನೆಂಬ ಗಾಬರಿ ಮೇಲಿಂದ ಮೇಲೆ ಬಂದರೆ, ಅದು ಚಿಕಿತ್ಸೆಗೆ ಬಗ್ಗುವ ವ್ಯಾಧಿ ಎಂದು ತಿಳಿಯಿರಿ. ಮಾತಿನ ಚಿಕಿತ್ಸೆಯೂ ಉಂಟು, ಔಷಧವೂ ಉಂಟು. ಅಂಗಡಿಯಿಂದ ನಿದ್ದೆಗುಳಿಗೆ ತಂದು ನುಂಗುವುದು, ಸಂಜೆಗೆ ಶೆರೆಯ ಆಶ್ರಯ ಹಿಡಿಯುವುದು ಎರಡೂ ಬೆಂಕಿಗೆ ಎಣ್ಣೆ ಸುರಿದಂತೆ.

ಇದು ನಿಮಗೊಬ್ಬರಿಗೇ ಬಂದ ಸಂಕಟವೆಂದು ನಾಚಬೇಕಾದ ಕಾರಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಲೋಕದ 30 ಕೋಟಿ ಜನ ಆತಂಕದ ವ್ಯಾಧಿಗಳಿಂದ ಬಳಲುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. ಅವರಲ್ಲಿ ಬಹುಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಚಿಕಿತ್ಸೆಯನ್ನು ಜನರ ಊರಿಗೇ ಒಯ್ಯುವ ಕೆಲಸದಲ್ಲಿ ನಮ್ಮ ನಾಡು ದೇಶಕ್ಕೆ ಮೇಲ್ಪಂಕ್ತಿ ಹಾಕಿದೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕನ್ನಡದಲ್ಲಿ ಈ ವಿಷಯ ಓದಬಯಸುವವರಿಗೂ ಕೊರತೆಯಿಲ್ಲ. ‘ಕೊರವಂಜಿ’ಯ ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯರಿಗೆ ತಿಳಿಯುವಂತೆ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ.

ನಮ್ಮವರಿಗೆ ಹತ್ತಿರದ ಬಾಗಿಲುಗಳು ಇವು. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸರಕಾರಿ ಆಸ್ಪತ್ರೆ ನಗರದಲ್ಲಿಯೇ ಇದೆ; ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ ಇದೆ. ಖಾನಾಪುರದವರು ಮೊದಲು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾವ ದಿನ, ಎಲ್ಲಿ ಮನೋವೈದ್ಯರು ಸಿಗುವರೆಂದು ತಿಳಿಯುತ್ತದೆ. ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯುಂಟು. ಸಂಖ್ಯೆ 14416. ದುಡ್ಡು ಬೇಡ, ಹಗಲಿರುಳು ಯಾವ ವೇಳೆಗಾದರೂ ಸರಿ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕೇ ಬೇಡವೆಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದನ್ನು ಹುಸಿ ಬೆದರಿಕೆಯೆಂದು ತಳ್ಳಿಹಾಕಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ ಹತ್ತಿರ ಕುಳಿತು, ಆ ದಿನವೇ ವೈದ್ಯರ ಕಡೆಗೆ ಕರೆದೊಯ್ಯಿರಿ. ಜ್ವರ ಬಂದವರನ್ನು ಆಸ್ಪತ್ರೆಗೆ ಒಯ್ಯಲು ಯಾರೂ ನಾಚುವುದಿಲ್ಲ. ಮನಸ್ಸಿಗೂ ಜ್ವರ ಬರುತ್ತದೆ, ಇಳಿಯುತ್ತದೆ.

ಇಷ್ಟನ್ನೆಲ್ಲ ಒಂದೇ ದಿನ ಹಿಡಿಯಲು ಹೋದರೆ ಅದೇ ಒಂದು ಹೊಸ ಚಿಂತೆಯಾದೀತು. ಈ ವಾರ ಹಾಳೆಯ ಮೂರು ಪಾಲು ಸಾಕು. ಮುಂದಿನ ವಾರ ಅದರೊಡನೆ ಐದು ನಿಮಿಷದ ಉಸಿರಾಟ. ಆ ಮುಂದಿನ ವಾರ ಚಿಂತೆಗೊಂದು ವೇಳೆ. ಇಂದು ಸಂಜೆ ರೇಡಿಯೋದ ವಾರ್ತೆ ಮುಗಿದ ಮೇಲೆ, ಮಗಳ ಹಳೆಯ ಪಟ್ಟಿಯಲ್ಲಿ ಉಳಿದ ಖಾಲಿ ಹಾಳೆಯೊಂದನ್ನು ಹರಿದುಕೊಂಡು ಮನೆಯವರೆಲ್ಲ ಕೂಡಿಯೇ ಕುಳಿತುಕೊಳ್ಳಿರಿ. ಅವರವರ ಹೊರೆಯನ್ನು ಅವರವರು ಹೇಳಲಿ, ಅಕ್ಷರ ಚೆಂದವಿದ್ದವರು ಬರೆದುಕೊಳ್ಳಲಿ. ಒಬ್ಬರ ತಲೆಯಲ್ಲಿದ್ದ ಕೆಲಸಗಳಲ್ಲಿ ಎರಡನ್ನಾದರೂ ಇನ್ನೊಬ್ಬರು “ಅದನ್ನು ನಾ ಮಾಡ್ತೀನಿ, ಬಿಡ್ರಿ” ಎಂದು ತಮ್ಮ ಪಾಲಿಗೆ ತೆಗೆದುಕೊಂಡರೆ, ಆ ರಾತ್ರಿ ಆ ಮನೆಯಲ್ಲಿ ಒಬ್ಬರಿಗಾದರೂ ನಿದ್ದೆ ಬೇಗ ಹತ್ತುತ್ತದೆ.